ಖಾಲಿ ಟ್ಯಾಂಕಿಗೆ ವೆಲ್ಡಿಂಗ್: ಕಾರ್ಮಿಕರ ಹಕ್ಕು, ಮಾಲೀಕರ ಹೊಣೆ

ಪೆಟ್ರೋಲ್ ತುಂಬಿದ ಟ್ಯಾಂಕಿಗೆ ಬೆಂಕಿ ತಾಗಿಸಲು ಯಾರೂ ಹೋಗುವುದಿಲ್ಲ. ಸಾವು ಸಂಭವಿಸುವುದು ಹೆಚ್ಚಾಗಿ ಖಾಲಿ ಮಾಡಿದ ಟ್ಯಾಂಕಿನಲ್ಲಿ. ಹೊತ್ತಿಕೊಳ್ಳುವುದು ದ್ರವವಲ್ಲ, ಅದರಿಂದ ಏಳುವ ಆವಿ. ಗಾಳಿಯಲ್ಲಿ ಪೆಟ್ರೋಲ್ ಆವಿಯ ಪಾಲು ಸುಮಾರು ಶೇ. 1.4ರಿಂದ 7.6ರ ನಡುವೆ ಇದ್ದರೆ ಒಂದು ಕಿಡಿ ಸಾಕು. ಎಣ್ಣೆ ಹೊರತೆಗೆದಾಗ ಗಾಳಿ ಒಳನುಗ್ಗಿ ಉಳಿದ ಆವಿಯೊಂದಿಗೆ ಬೆರೆತು ಸರಿಯಾಗಿ ಈ ಹದಕ್ಕೆ ಬರುತ್ತದೆ. ತಳದ ಕೆಸರಿನಲ್ಲಿ, ತುಕ್ಕಿನ ಪದರದಡಿಯಲ್ಲಿ ಅಂಟಿಕೊಂಡ ಎಣ್ಣೆ ಟಾರ್ಚಿನ ಬಿಸಿ ತಾಗಿದೊಡನೆ ಹೊಸದಾಗಿ ಆವಿಯಾಗುತ್ತದೆ. ತಣ್ಣಗಿದ್ದಾಗ ಅಷ್ಟೇನೂ ಅಪಾಯ ಕಾಣದ ಡೀಸೆಲ್ ಕೂಡ ಕಾದ ತಗಡಿನ ಹಿಂದೆ ಪೆಟ್ರೋಲಿನಂತೆಯೇ ವರ್ತಿಸುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ. ಅದು ನೆಲ ಹಿಡಿದು ಹರಿದು ಚರಂಡಿ, ಗುಂಡಿಗಳಲ್ಲಿ ನಿಲ್ಲುತ್ತದೆ. ಮೂಗಿಗೆ ವಾಸನೆ ಬರದಿದ್ದರೆ ಆವಿ ಇಲ್ಲ ಎಂದು ತೀರ್ಮಾನಿಸುವಂತಿಲ್ಲ.

ಇಂಥ ಅವಘಡ ಹೇಗೆ ನಡೆಯುತ್ತದೆ ಎಂಬುದಕ್ಕೆ ಸರಿಯಾಗಿ ತನಿಖೆಯಾದ ಒಂದು ಪ್ರಕರಣವಿದೆ. 2006ರ ಜೂನ್ 5ರಂದು ಅಮೆರಿಕದ ಮಿಸಿಸಿಪಿ ರಾಜ್ಯದ ರಾಲಿ ಎಂಬಲ್ಲಿನ ತೈಲಕ್ಷೇತ್ರದಲ್ಲಿ ಗುತ್ತಿಗೆ ಕಾರ್ಮಿಕರು ಟ್ಯಾಂಕುಗಳ ನಡುವೆ ಪೈಪ್ ಜೋಡಿಸುತ್ತಿದ್ದರು. ವೆಲ್ಡಿಂಗ್ ಮಾಡಬೇಕಿದ್ದ ಟ್ಯಾಂಕನ್ನು ತೊಳೆದಿದ್ದರು. ಪಕ್ಕದ ಟ್ಯಾಂಕುಗಳನ್ನು ತೊಳೆದಿರಲಿಲ್ಲ. ಆವಿ ಇದೆಯೇ ಎಂದು ತಿಳಿಯಲು ವೆಲ್ಡರ್ ಉರಿಯುವ ಟಾರ್ಚನ್ನೇ ಟ್ಯಾಂಕಿನ ಬಾಯೊಳಗೆ ಹಿಡಿದು ನೋಡಿದ. ಏನೂ ಆಗಲಿಲ್ಲ. ಕೆಲಸ ಶುರುವಾಯಿತು. ಸುಮಾರು ನಾಲ್ಕು ಅಡಿ ದೂರದಲ್ಲಿ ಪಕ್ಕದ ಟ್ಯಾಂಕಿನ ಪೈಪ್ ಬಾಯಿ ತೆರೆದೇ ಇತ್ತು. ಅಲ್ಲಿಂದ ಬರುತ್ತಿದ್ದ ಆವಿಗೆ ಕಿಡಿ ತಾಗಿ, ಬೆಂಕಿ ಪೈಪಿನೊಳಗೆ ಹೊಕ್ಕು, ಒಂದಕ್ಕೊಂದು ಜೋಡಿಸಿದ್ದ ಟ್ಯಾಂಕುಗಳು ಸಿಡಿದವು. ಮೂವರು ಸತ್ತರು, ವೆಲ್ಡರ್ ತೀವ್ರವಾಗಿ ಗಾಯಗೊಂಡ. ಅನಿಲ ಅಳೆಯುವ ಮೀಟರ್ ಬಳಸಿರಲಿಲ್ಲ, ಪೈಪಿನ ಬಾಯಿ ಮುಚ್ಚಿರಲಿಲ್ಲ ಎಂದು ಆ ದೇಶದ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು.

ಆ ಬೆಳಗ್ಗೆ ಆಗಬೇಕಿದ್ದ ಕೆಲಸವನ್ನು ಭಾರತದ ಕಾನೂನು ಬಹಳ ಹಿಂದೆಯೇ ಬರೆದಿಟ್ಟಿದೆ. ಕಾರ್ಖಾನೆಗಳ ಅಧಿನಿಯಮ, 1948ರ 37ನೇ ಕಲಂನ 4ನೇ ಉಪಕಲಂ ಪ್ರಕಾರ, ಸ್ಫೋಟಕ ಅಥವಾ ಉರಿಯುವ ವಸ್ತು ಇರುವ, ಇಲ್ಲವೇ ಹಿಂದೆ ಇದ್ದ ಟ್ಯಾಂಕಿಗೆ ಆ ವಸ್ತುವನ್ನೂ ಅದರ ಆವಿಯನ್ನೂ ತೆಗೆಯದೆ, ಅಥವಾ ಅವು ಹೊತ್ತದಂತೆ ಮಾಡದೆ, ವೆಲ್ಡಿಂಗ್ ಆಗಲಿ ಗ್ಯಾಸ್ ಕಟಿಂಗ್ ಆಗಲಿ ಮಾಡುವಂತಿರಲಿಲ್ಲ. ಕೆಲಸ ಮುಗಿದ ಮೇಲೂ ಲೋಹ ಸಾಕಷ್ಟು ತಣಿಯುವವರೆಗೆ ಅದರೊಳಗೆ ಎಣ್ಣೆ ಬಿಡುವಂತಿರಲಿಲ್ಲ. ‘ಹಿಂದೆ ಇದ್ದ’ ಎಂಬ ಎರಡು ಪದಗಳೇ ಇಲ್ಲಿ ಮುಖ್ಯ. ಖಾಲಿ ಟ್ಯಾಂಕು ಎಂಬ ನೆಪ ಅವುಗಳ ಮುಂದೆ ನಿಲ್ಲುತ್ತಿರಲಿಲ್ಲ. ಟ್ಯಾಂಕಿನೊಳಗೆ ಇಳಿಯುವುದಕ್ಕೆ 36ನೇ ಕಲಂನ ನಿರ್ಬಂಧಗಳು ಬೇರೆ ಇದ್ದವು.

2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಜಾರಿಗೆ ಬಂದು ಈ ಅಧಿನಿಯಮದ ಸ್ಥಾನವನ್ನು ತೆಗೆದುಕೊಂಡಿದೆ. ಹಳೆಯ ಕಾನೂನಿನಡಿ ರಚಿಸಿದ ನಿಯಮಗಳು, ಸಂಹಿತೆಗೆ ವಿರುದ್ಧವಲ್ಲದ ಮಟ್ಟಿಗೆ, ಹೊಸವು ಬರುವತನಕ ನಡೆಯುತ್ತವೆ. ಕೆಲಸದ ಜಾಗವನ್ನು ಅಪಾಯರಹಿತವಾಗಿಡುವ ಕರ್ತವ್ಯವನ್ನು ಸಂಹಿತೆಯ 6ನೇ ಕಲಂ ಉದ್ಯೋಗದಾತರ ಮೇಲೆ ಹೊರಿಸಿದೆ. ಸುರಕ್ಷತೆಯ ಖರ್ಚನ್ನು ಕಾರ್ಮಿಕರ ಸಂಬಳದಿಂದ ಮುರಿಯುವಂತಿಲ್ಲ. ತೈಲಬಾವಿಗಳ ವಿಚಾರ ಬೇರೆ; ಅವು ಗಣಿಗಳ ಸಾಲಿಗೆ ಸೇರುತ್ತವೆ.

ಕಾನೂನಿನ ಮಾತು ಕೆಲಸದ ಜಾಗಕ್ಕೆ ಇಳಿಯುವುದು ‘ಹಾಟ್ ವರ್ಕ್ ಪರ್ಮಿಟ್’ ಎಂಬ ಹಾಳೆಯ ಮೂಲಕ. ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯದ 105ನೇ ಮಾನದಂಡ ಇದರ ಬಗ್ಗೆಯೇ ಇದೆ. ಯಾವ ಜಾಗ, ಯಾವ ಕೆಲಸ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಪೈಪುಗಳಿಗೆ ಬ್ಲೈಂಡ್ ಹಾಕಿ ಬೇರ್ಪಡಿಸಿದೆಯೇ, ಗ್ಯಾಸ್ ಟೆಸ್ಟ್ ಏನು ತೋರಿಸಿತು, ಬೆಂಕಿ ಕಾಯಲು ಯಾರು ನಿಂತಿದ್ದಾರೆ ಎಂಬುದೆಲ್ಲ ಅದರಲ್ಲಿ ಇರಬೇಕು. ಬಹಳ ಕಡೆ ಈ ಹಾಳೆಯನ್ನು ಆಫೀಸಿನಲ್ಲಿ ಕುಳಿತೇ ತುಂಬಿ, ಕೊನೆಗೆ ವೆಲ್ಡರ್ ಮುಂದೆ ಸಹಿಗೆ ಹಿಡಿಯುವ ರೂಢಿ ಬೆಳೆದುಬಿಟ್ಟಿದೆ. ಬೆಳಗ್ಗೆ ಏಳಕ್ಕೆ ನೋಡಿದ ಮೀಟರಿನ ಅಂಕಿ ಮಧ್ಯಾಹ್ನದ ಬಿಸಿಲಿಗೆ ಅನ್ವಯಿಸುವುದಿಲ್ಲ. ಊಟಕ್ಕೆ ಹೋಗಿ ಬಂದ ಮೇಲೆ ಮತ್ತೆ ಅಳೆಯಬೇಕು, ಪಕ್ಕದ ಟ್ಯಾಂಕಿನ ಬಳಿಯೂ ಚರಂಡಿಯಲ್ಲೂ ಅಳೆಯಬೇಕು. ಸಹಿ ಹಾಕುವ ಮೊದಲು ಪರ್ಮಿಟಿನ ಈ ಅಂಶಗಳನ್ನು ಓದಿಸಿಕೊಳ್ಳುವುದು, ಸಾಧ್ಯವಾದರೆ ಪರ್ಮಿಟಿನ ಫೋಟೊ ಅಥವಾ ಪ್ರತಿ ಇಟ್ಟುಕೊಳ್ಳುವುದು ವೆಲ್ಡರ್‌ಗೂ ಹೆಲ್ಪರ್‌ಗೂ ಒಳ್ಳೆಯದು. ಮುಂದೆ ಮೊಕದ್ದಮೆಯಾದರೆ ಅದು ಮೊದಲ ದಾಖಲೆ. ತೈಲ ಸಂಗ್ರಹಾಗಾರದೊಳಗೆ ಫೋನ್ ಒಯ್ಯುವುದಕ್ಕೇ ನಿಷೇಧವಿರುವುದರಿಂದ ಫೋಟೊ ತೆಗೆಯುವುದೇನಿದ್ದರೂ ಗೇಟಿನ ಆಚೆ.

ಅಪಾಯ ಕಣ್ಣಿಗೆ ಕಂಡರೆ ಏನು ಮಾಡಬೇಕು ಎಂಬುದನ್ನು ಸಂಹಿತೆಯ 14ನೇ ಕಲಂ ಹೇಳುತ್ತದೆ. ಸುರಕ್ಷತೆಯ ಮಾಹಿತಿ ಕೇಳುವ ಹಕ್ಕು ಕಾರ್ಮಿಕರಿಗಿದೆ. ಜೀವಾಪಾಯ ಎದುರಿಗಿದೆ ಎಂದು ಸಕಾರಣವಾಗಿ ಅನಿಸಿದರೆ ನೇರವಾಗಿ ಅಥವಾ ಸುರಕ್ಷತಾ ಸಮಿತಿಯ ಮೂಲಕ ಉದ್ಯೋಗದಾತರಿಗೂ, ಅದೇ ಹೊತ್ತಿಗೆ ನಿರೀಕ್ಷಕರಿಗೂ ತಿಳಿಸಬಹುದು. ಉದ್ಯೋಗದಾತರಿಗೆ ಅದು ನಿಜವೆನಿಸಿದರೆ ತಕ್ಷಣ ಸರಿಪಡಿಸಬೇಕು. ಒಪ್ಪದಿದ್ದರೆ ವಿಷಯವನ್ನು ಕೂಡಲೇ ನಿರೀಕ್ಷಕರಿಗೆ ಒಪ್ಪಿಸಬೇಕು. ಅವರ ತೀರ್ಮಾನವೇ ಅಂತಿಮ. ಆದರೆ ಆ ತೀರ್ಮಾನ ಬರುವತನಕ ಟಾರ್ಚ್ ಕೆಳಗಿಟ್ಟು ಹೊರಬರಬಹುದು ಎಂದು ಈ ಕಲಂ ಬಾಯಿಬಿಟ್ಟು ಹೇಳಿಲ್ಲ. ಇದು ದೊಡ್ಡ ಕೊರತೆ. ಹೀಗಾಗಿ ದೂರು ಬಾಯಿಮಾತಿನಲ್ಲಿ ಉಳಿಯದೆ, ಸಮಯ ನಮೂದಾಗುವಂತೆ ಬರಹದಲ್ಲಿ ಹೋಗಬೇಕು. ಮೇಸ್ತ್ರಿಗೆ ಕಳಿಸಿದ ಎರಡು ಸಾಲಿನ ಮೆಸೇಜ್ ಕೂಡ ಸಾಕ್ಷ್ಯವಾಗಬಲ್ಲದು. ಕರ್ನಾಟಕದಲ್ಲಿ ಕಾರ್ಖಾನೆಗಳ ಮಟ್ಟಿಗೆ ದೂರು ಹೋಗಬೇಕಾದದ್ದು ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ.

ಎಣ್ಣೆ ಸಾಗಿಸುವ ಟ್ಯಾಂಕರ್ ಲಾರಿಗಳನ್ನು ರಸ್ತೆಬದಿಯಲ್ಲಿ ರಿಪೇರಿ ಮಾಡುವ ಶೆಡ್ಡುಗಳದು ಇನ್ನೊಂದು ಕಥೆ. ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಎನಿಸಿಕೊಳ್ಳಲು ಹಿಂದೆ 10 ಕಾರ್ಮಿಕರಿದ್ದರೆ ಸಾಕಿತ್ತು. ಸಂಹಿತೆ ಅದನ್ನು 20ಕ್ಕೆ ಏರಿಸಿದೆ. ಮೂರು ಜನರ ಶೆಡ್ಡು ಈ ಲೆಕ್ಕಕ್ಕೇ ಬರುವುದಿಲ್ಲ. ಆದರೂ ಪೆಟ್ರೋಲಿಯಂ ಇದ್ದ ಪಾತ್ರೆಯಿಂದ ಎಣ್ಣೆಯನ್ನೂ ಆವಿಯನ್ನೂ ಹೋಗಲಾಡಿಸದೆ ರಿಪೇರಿ ಮಾಡಬಾರದು ಎಂಬ ಪೆಟ್ರೋಲಿಯಂ ನಿಯಮಗಳು, 2002ರ ಕಟ್ಟಳೆಗೆ ತಲೆಯೆಣಿಕೆಯ ಹಂಗಿಲ್ಲ.

ಅವಘಡವಾದರೆ ಪೆಟ್ರೋಲಿಯಂ ಅಧಿನಿಯಮ, 1934ರ 27ನೇ ಕಲಂ ಪ್ರಕಾರ ಹತ್ತಿರದ ಮ್ಯಾಜಿಸ್ಟ್ರೇಟ್ ಅಥವಾ ಪೊಲೀಸ್ ಠಾಣೆಗೆ ಮತ್ತು ಸ್ಫೋಟಕಗಳ ಮುಖ್ಯ ನಿಯಂತ್ರಕರಿಗೆ ಸುದ್ದಿ ಮುಟ್ಟಿಸಬೇಕು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಡಿ 5 ವರ್ಷದವರೆಗೆ ಸೆರೆವಾಸ ಆಗಬಹುದು. ಸುರಕ್ಷತಾ ಸಂಹಿತೆಯ 103ನೇ ಕಲಂ ಪ್ರಕಾರ, ಕರ್ತವ್ಯಲೋಪದಿಂದ ಕಾರ್ಮಿಕ ಸತ್ತರೆ 2 ವರ್ಷದವರೆಗೆ ಸೆರೆವಾಸ, ಅಥವಾ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಪಾಲನ್ನು ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಪರಿಹಾರದ ದಾರಿ ಇದರಿಂದ ಬೇರೆ. ಕಾರ್ಮಿಕ ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಅವಲಂಬಿತರಿಗೆ ಅಲ್ಲಿಂದ ಮಾಸಿಕ ಹಣ ಬರುತ್ತದೆ. ಇಲ್ಲದಿದ್ದರೆ ಹಿಂದೆ 1923ರ ನೌಕರರ ಪರಿಹಾರ ಅಧಿನಿಯಮದಲ್ಲಿದ್ದು ಈಗ ಸಾಮಾಜಿಕ ಭದ್ರತಾ ಸಂಹಿತೆ, 2020ಕ್ಕೆ ಸೇರಿರುವ ಲೆಕ್ಕ ಅನ್ವಯಿಸುತ್ತದೆ: ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಅಂಶದಿಂದ ಗುಣಿಸಬೇಕು. ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದ 30 ವರ್ಷದ ವೆಲ್ಡರ್ ಸತ್ತರೆ 7,500ನ್ನು 207.98ರಿಂದ ಗುಣಿಸಿ 15,59,850 ರೂಪಾಯಿ. ಗುತ್ತಿಗೆದಾರ ಕೈಯೆತ್ತಿದರೆ ಕೆಲಸ ವಹಿಸಿದ ಕಂಪನಿಯಿಂದಲೇ ಕೇಳಬಹುದು. ಸೂಚನೆ ಮೀರಿ ಕೆಲಸ ಮಾಡಿದ ಎಂಬ ವಾದ ಸಾವಿನ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಪ್ರಕರಣದಲ್ಲಿ ನಡೆಯುವುದಿಲ್ಲ. ಒಂದು ತಿಂಗಳೊಳಗೆ ಹಣ ಕಟ್ಟದಿದ್ದರೆ ಶೇ. 12 ಬಡ್ಡಿ ಸೇರುತ್ತದೆ. ಸರಿಯಾದ ಕಾರಣವಿಲ್ಲದೆ ತಡ ಮಾಡಿದ್ದರೆ ಶೇ. 50ರವರೆಗೆ ದಂಡವೂ ಬೀಳಬಹುದು.

ಶವಸಂಸ್ಕಾರದ ಮರುದಿನವೇ ಮನೆಗೆ ಬಂದು ಒಂದಿಷ್ಟು ನಗದು ಕೊಟ್ಟು ಹೆಂಡತಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುವುದುಂಟು. ಸಾವಿನ ಪರಿಹಾರವನ್ನು ಸಕ್ಷಮ ಪ್ರಾಧಿಕಾರದ ಬಳಿಯೇ ಠೇವಣಿ ಇಡಬೇಕು. ನೇರವಾಗಿ ಕೊಟ್ಟದ್ದು ಪರಿಹಾರ ಎನಿಸುವುದಿಲ್ಲ, ಆ ಹೆಬ್ಬೆಟ್ಟಿನಿಂದ ಕುಟುಂಬದ ಹಕ್ಕು ಹೋಗುವುದೂ ಇಲ್ಲ. ವಕೀಲರಿಗೆ ಹಣವಿಲ್ಲದ ಕೈಗಾರಿಕಾ ಕಾರ್ಮಿಕರಿಗೆ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಕಲಂ ಉಚಿತ ನೆರವು ಕೊಡುತ್ತದೆ. ಅರ್ಜಿಯನ್ನು ಜಿಲ್ಲಾ ಅಥವಾ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಕಚೇರಿಯಲ್ಲಿ ಕೊಡಬಹುದು, ಇಲ್ಲವೇ 15100 ಸಹಾಯವಾಣಿಗೆ ಕರೆ ಮಾಡಿ ದಾರಿ ಕೇಳಬಹುದು.