ಗಾಜಿಲ್ಲದ ಫೋಟೋ ಮಳೆಗಾಲ ತಾಳೀತೇ?

ಪ್ರಶ್ನೆ: ಕಬಕದಿಂದ ವಿಟ್ಲಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಹಳೆ ಮನೆಯ ಚಾವಡಿಯಲ್ಲಿದ್ದ ಅಜ್ಜ-ಅಜ್ಜಿಯ ಕಪ್ಪು-ಬಿಳುಪು ಫೋಟೋವನ್ನು 4 ಅಡಿಯಷ್ಟು ದೊಡ್ಡದು ಮಾಡಿಸಿ, ಫ್ರೇಮ್ ಇಲ್ಲದೆ ಹಾಲ್‌ನ ಗೋಡೆಗೆ ಹಾಕಬೇಕೆಂದು ನನಗೆ ಆಸೆ. “ಗಾಜಿಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿದು ಹೋದೀತು” ಎಂದು ಮಾವನವರ ತಕರಾರು. ಬೆಂಗಳೂರಿನಲ್ಲಿರುವ ಮೈದುನ “ಅಕ್ರಿಲಿಕ್ ಮಾಡಿಸಿ ಅತ್ತಿಗೆ” ಎನ್ನುತ್ತಾನೆ. ಹಳೆಯ ಫೋಟೋ ಆಗಲೇ ಗಾಜಿಗೆ ಅಂಟಿಕೊಂಡಿದೆ. ಬಿಡಿಸಲು ಹೋಗಿ ಹರಿದರೆ ಮಾವನವರಿಗೆ ಏನೆಂದು ಹೇಳಲಿ? ಏನು ಮಾಡಬೇಕೆಂದು ತೋಚುತ್ತಿಲ್ಲ.
– ಓದುಗರು, ಕಬಕ

ಉತ್ತರ: ಎಲ್ಲಕ್ಕಿಂತ ಮೊದಲು, ಆ ಫೋಟೋವನ್ನು ಗಾಜಿನಿಂದ ಬಿಡಿಸಲೇಬೇಡಿ. ನೀರು ಹಾಕಿ, ಬಿಸಿ ಮಾಡಿ, ಬ್ಲೇಡು ತೂರಿಸಿ ಎಂದು ಯಾರು ಹೇಳಿದರೂ ಕೇಳಬೇಡಿ. ಹಳೆಯ ಕಪ್ಪು-ಬಿಳುಪು ಫೋಟೋದ ಚಿತ್ರ ಇರುವುದು ಕಾಗದದ ಮೇಲಿನ ಜೆಲಟಿನ್ ಪದರದಲ್ಲಿ. ತೇವಕ್ಕೆ ಅದು ಮೆತ್ತಗಾಗಿ ಗಾಜಿಗೆ ಹತ್ತುತ್ತದೆ, ಬೇಸಿಗೆಯಲ್ಲಿ ಅಲ್ಲೇ ಗಟ್ಟಿಯಾಗುತ್ತದೆ. ಎಳೆದರೆ ಕಾಗದ ನಿಮ್ಮ ಕೈಗೆ ಬರುತ್ತದೆ, ಅಜ್ಜನ ಮುಖ ಗಾಜಿನಲ್ಲೇ ಉಳಿಯುತ್ತದೆ.

ಫ್ರೇಮ್‌ನ ಹಿಂದಿನ ರಟ್ಟನ್ನಷ್ಟೇ ಮೆಲ್ಲಗೆ ತೆಗೆದು, ಗಾಜಿನ ಸಮೇತ ಫೋಟೋವನ್ನು ಪುತ್ತೂರಿನ ಒಳ್ಳೆಯ ಸ್ಟುಡಿಯೋಕ್ಕೆ ಒಯ್ಯಿರಿ. ಎರಡೂ ಬದಿಯಿಂದ 45 ಡಿಗ್ರಿ ಓರೆಯಲ್ಲಿ ಬೆಳಕು ಬಿಟ್ಟರೆ ಗಾಜಿನ ಹೊಳಪು ಬೀಳದಂತೆ ಅದರ ಫೋಟೋ ತೆಗೆಯಬಹುದು. 24 ಮೆಗಾಪಿಕ್ಸೆಲ್‌ನ ಕ್ಯಾಮೆರಾದಲ್ಲಿ ಉದ್ದಕ್ಕೆ 6000 ಪಿಕ್ಸೆಲ್ ಸಿಗುತ್ತದೆ. 4 ಅಡಿ ಎಂದರೆ 48 ಇಂಚು, ಅಲ್ಲಿಗೆ ಇಂಚಿಗೆ 125. ಐದಾರು ಅಡಿ ದೂರದಿಂದ ನೋಡುವ ಗೋಡೆಗೆ ಅಷ್ಟು ಸಾಕು. ಆದರೆ ಹಳೆಯ ಪ್ರಿಂಟಿನಲ್ಲಿ ಇಲ್ಲದ ವಿವರವನ್ನು ಯಾವ ಕ್ಯಾಮೆರಾವೂ ಹುಟ್ಟಿಸದು. ಪೂರ್ತಿ ಪ್ರಿಂಟ್‌ಗೆ ಕೊಡುವ ಮೊದಲು ಮುಖದ ಭಾಗವನ್ನು ಅದೇ ಅಳತೆಗೆ ಹಿಗ್ಗಿಸಿದ ಒಂದಡಿಯ ತುಂಡು ತೆಗೆಸಿ, ಗೋಡೆಗೆ ಹಿಡಿದು ನೋಡಿ. ಫೈಲನ್ನು ಪೆನ್‌ಡ್ರೈವ್‌ನಲ್ಲಿ ಕೊಡಿ. ವಾಟ್ಸ್ಆಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿ ಹೋಗುತ್ತದೆ.

ಇನ್ನು ಮಾವನವರ ಮಾತು. ಅವರ ಹೆದರಿಕೆಯಲ್ಲಿ ಹುರುಳಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಸೀಮೆ ನಮ್ಮದು. ಆಟಿ ತಿಂಗಳಲ್ಲಿ ಕಪಾಟಿನ ಬಟ್ಟೆಗೇ ಬೂಷ್ಟು ಬರುವಾಗ ಫೋಟೋವನ್ನು ಬಿಟ್ಟೀತೇ? ಆದರೆ ಹಳೆ ಮನೆಯಲ್ಲಿ ಫೋಟೋ ಕೆಟ್ಟದ್ದು ಗಾಜಿದ್ದೂ ಕೆಟ್ಟದ್ದು ಎಂಬುದನ್ನು ಅವರಿಗೆ ನೆನಪಿಸಿ. ಗೋಡೆಯ ಪಸೆ ಹಿಂದಿನ ರಟ್ಟಿಗೆ ಇಳಿಯಿತು, ಗಾಜು ಫೋಟೋಗೆ ತಾಗಿಕೊಂಡೇ ಇತ್ತು, ಒಳಗೆ ಹೊಕ್ಕ ತೇವಕ್ಕೆ ಹೊರಗೆ ಹೋಗಲು ದಾರಿ ಇರಲಿಲ್ಲ. ಹೊಸದಕ್ಕೆ ಬೇಕಾದದ್ದು ಮೂರು: ನೀರು ಕುಡಿಯದ ಹಲಗೆ, ಮೇಲೊಂದು ತೆಳು ಹೊದಿಕೆ, ಬೆನ್ನಿಗೆ ಗಾಳಿ. ಇಷ್ಟಿದ್ದರೆ ಫ್ರೇಮ್ ಬೇಡ.

ಹಲಗೆಯ ವಿಚಾರ. ಎಂಡಿಎಫ್ ಬೇಡ, ತೇವಕ್ಕೆ ಅಂಚು ಉಬ್ಬುತ್ತದೆ, ಒರಲೆಗೂ ಇಷ್ಟ. ಸನ್‌ಬೋರ್ಡ್ ಹಗುರ, ಅಗ್ಗ. ಒಂದೆರಡು ಅಡಿಯ ಚಿತ್ರಕ್ಕೆ ಅಡ್ಡಿಯಿಲ್ಲ, 4 ಅಡಿಗೆ ಕ್ರಮೇಣ ಬಾಗುತ್ತದೆ. ನಿಮಗೆ ಸರಿಹೋಗುವುದು 3 ಮಿಲಿಮೀಟರ್ ದಪ್ಪದ ಎಸಿಪಿ ಶೀಟು. ಅಂಗಡಿಗಳ ಮುಂಭಾಗಕ್ಕೆ ಹಾಕುವುದು ಇದನ್ನೇ. ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್. ನೀರು ಕುಡಿಯುವುದಿಲ್ಲ, ಒರಲೆ ಮುಟ್ಟುವುದಿಲ್ಲ. 48 ಇಂಚು ಉದ್ದ, 32 ಇಂಚು ಅಗಲದ ತುಂಡು ಸುಮಾರು 4 ಕಿಲೋ ತೂಗುತ್ತದೆ. ಚಿತ್ರವನ್ನು ಕಾಗದದ ಬದಲು ಅಂಟಿರುವ ವಿನೈಲ್ ಮೇಲೆ ಪ್ರಿಂಟ್ ಮಾಡಿಸಿ. ಬೂಷ್ಟಿಗೆ ಅಲ್ಲಿ ಮೇವು ಕಡಿಮೆ.

ಹೊದಿಕೆಗೆ ಮ್ಯಾಟ್ ಕೋಲ್ಡ್ ಲ್ಯಾಮಿನೇಶನ್ ಸಾಕು. ಗ್ಲಾಸಿ ಬೇಡ, ಎದುರಿನ ಕಿಟಕಿ ಅಜ್ಜಿಯ ಮುಖದ ಮೇಲೆ ಹೊಳೆಯುತ್ತದೆ. ಪ್ರಿಂಟ್ ಆದ ಮೇಲೆ ಶಾಯಿ ಆರಲು ಒಂದು ಪೂರ್ತಿ ದಿನ ಬಿಡಬೇಕು. “ಈಗಲೇ ಬೇಕು” ಎಂದು ನಾವು ಅವಸರ ಮಾಡಿದರೆ ಆರದ ಶಾಯಿಯ ಮೇಲೆ ಹೊದಿಕೆ ಕೂರುತ್ತದೆ, ಮುಂದೆ ಅಂಚಿನಿಂದ ಏಳುತ್ತದೆ. ಕೈಗೆ ತೆಗೆದುಕೊಳ್ಳುವಾಗ ಹಲಗೆಯನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿಯಿರಿ. ನೇರ ನೋಡಿದಾಗ ಕಾಣದ ಗುಳ್ಳೆ, ಸಿಕ್ಕಿಕೊಂಡ ಧೂಳಿನ ಕಣ ಆಗ ಎದ್ದು ಕಾಣುತ್ತವೆ. ನಾಲ್ಕು ಮೂಲೆಗಳನ್ನು ಉಗುರಿನಿಂದ ಒತ್ತಿ ನೋಡಿ. ಈ ಕೆಲಸವನ್ನೆಲ್ಲ ದೀಪಾವಳಿ ಕಳೆದ ಮೇಲೆ, ಮಳೆ ಹಿಡಿಯುವ ಮೊದಲು, ಪತ್ತನಾಜೆಯ ಒಳಗೆ ಮುಗಿಸುವುದು ಒಳ್ಳೆಯದು.

ಮೈದುನ ಹೇಳುವ ಅಕ್ರಿಲಿಕ್ ನೋಡಲು ಚೆಂದ, ಸಂಶಯವಿಲ್ಲ. ಚಿತ್ರದ ಮುಖವನ್ನೇ ಅಕ್ರಿಲಿಕ್‌ಗೆ ಅಂಟಿಸುವ ಡಯಾಸೆಕ್ ಎಂಬ ವಿಧಾನ 1969ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿತು. ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿಯಂಥವರ ಭಾರಿ ಗಾತ್ರದ ಛಾಯಾಚಿತ್ರಗಳು ಹೀಗೆಯೇ ಗೋಡೆಯೇರಿದವು. ಆದರೆ ಒಮ್ಮೆ ಅಂಟಿಸಿದರೆ ಮತ್ತೆ ಬಿಡಿಸಲಾಗದು, ಬಟ್ಟೆಯಲ್ಲಿ ಒರಟಾಗಿ ಒರೆಸಿದರೂ ಗೀರು. ನಿಮ್ಮ ಅಳತೆಗೆ 5 ಮಿಲಿಮೀಟರ್ ಅಕ್ರಿಲಿಕ್ ಎಂದರೆ ಇನ್ನೂ 6 ಕಿಲೋ ಭಾರ. ರಸ್ತೆಯ ಧೂಳಿಗೆ ದಿನಕ್ಕೊಮ್ಮೆ ಬಟ್ಟೆ ಹಿಡಿಯುವ ಮನೆಗೆ ನಾನದನ್ನು ಹೇಳುವುದಿಲ್ಲ.

ಗೋಡೆಯನ್ನು ಮಾವನವರೇ ಆರಿಸಲಿ. ಅವರು ಹೇಗೆ ಪರೀಕ್ಷಿಸಬೇಕೆಂದರೆ: ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡುವುದು. ಒಳಮೈಯಲ್ಲಿ ನೀರ ಹನಿ ಕಂಡರೆ, ಅಡಿಯ ಗೋಡೆ ಕಪ್ಪಾದರೆ, ಆ ಗೋಡೆ ಇನ್ನೂ ಆರಿಲ್ಲ. ಮಳೆ ಬಡಿಯುವ ಪಡುವಣ ಹೊರಗೋಡೆ ಬೇಡ, ಎರಡು ಕೋಣೆಗಳ ನಡುವಿನ ಗೋಡೆ ಮೇಲು. ಬಿಸಿಲು ನೇರ ಬೀಳುವ ಜಾಗವೂ ಬೇಡ.

ತೂಗುಹಾಕಲು ಡಬಲ್ ಸೈಡ್ ಟೇಪನ್ನು ನಂಬಬೇಡಿ, ಮಳೆಗಾಲದಲ್ಲಿ ಪೈಂಟ್ ಸಮೇತ ಕಿತ್ತು ಬರುತ್ತದೆ. ಎಸಿಪಿಯ ಹಿಂದೆ, ಅಂಚಿನಿಂದ ಮೂರು ಇಂಚು ಒಳಗೆ, ಅಲ್ಯೂಮಿನಿಯಂ ಸೆಕ್ಷನ್ ಕೂರಿಸಲು ಹೇಳಿ. ಎದುರಿನಿಂದ ಅದು ಕಾಣುವುದಿಲ್ಲ. ಚಿತ್ರಕ್ಕೂ ಗೋಡೆಗೂ ನಡುವೆ ಮುಕ್ಕಾಲರಿಂದ ಒಂದು ಇಂಚು ಜಾಗ ಉಳಿದು ಗಾಳಿ ಆಡುತ್ತದೆ. ಕೆಂಪುಕಲ್ಲಿನ ಗೋಡೆಗೆ ಮೊಳೆ ಹೊಡೆದರೆ ಕಲ್ಲು ಹುಡಿಯಾಗುತ್ತದೆ. ಡ್ರಿಲ್ ಮಾಡಿಸಿ, ಉದ್ದದ ಪ್ಲಗ್ಗಿಗೆ ಸ್ಕ್ರೂ ಹಾಕಿಸಿ. ಶುಚಿಗೆ ಒಣ ಹತ್ತಿ ಬಟ್ಟೆ ಸಾಕು. ಮಳೆಗಾಲದಲ್ಲಿ ಒಂದೆರಡು ಬಾರಿ ಹಿಂದೆ ಟಾರ್ಚ್ ಬಿಟ್ಟು ನೋಡಿ, ಹಲ್ಲಿಯೋ ಕಣಜವೋ ಮನೆ ಮಾಡಿರಬಹುದು.

ಒಂದು ಮಾತು ನೀವು ಬರೆದಿಲ್ಲ, ಆದರೆ ಮನೆಯಲ್ಲಿ ಬಂದೇ ಬರುತ್ತದೆ: ಅಜ್ಜ-ಅಜ್ಜಿಗೆ ಹೂ ಹಾಕುವುದು, ದೀಪ ಹಚ್ಚುವುದು ಎಲ್ಲಿ? ದೊಡ್ಡ ಚಿತ್ರಕ್ಕೆ ಒದ್ದೆ ಹೂವಿನ ಹಾರ, ಕುಂಕುಮ, ಊದುಬತ್ತಿಯ ಹೊಗೆ ಯಾವುದೂ ಬೇಡ. ಅದೇ ಫೈಲಿನಿಂದ ಚಿಕ್ಕದೊಂದು ಪ್ರಿಂಟ್ ತೆಗೆಸಿ, ಗಾಜು ತಾಗದಂತೆ ನಡುವೆ ರಟ್ಟಿನ ಅಂಚು ಕೊಟ್ಟು ಫ್ರೇಮ್ ಹಾಕಿಸಿ. ಹಾರ ಅದಕ್ಕಿರಲಿ. ಮಾವನವರ ಗಾಜಿನ ಫೋಟೋವೂ ಆಯಿತು. ಹಳೆಯ ಮೂಲಪ್ರತಿಯನ್ನು ಗಾಜಿನ ಸಮೇತ ಹತ್ತಿ ಬಟ್ಟೆಯಲ್ಲಿ ಸುತ್ತಿ, ಹೊರಗೋಡೆಗೆ ತಾಗದ ಕಪಾಟಿನ ಮೇಲಿನ ಅರೆಯಲ್ಲಿಡಿ. ಫೈಲಿನ ಒಂದು ಪ್ರತಿ ಮೈದುನನ ಹತ್ತಿರವೂ ಇರಲಿ. ಅಷ್ಟಾದರೆ ಗೋಡೆಯ ಮೇಲಿನದ್ದಕ್ಕೆ ಏನೇ ಆದರೂ ಇನ್ನೊಂದು ಮಾಡಿಸಬಹುದು, ಮಾವನವರಿಗೆ ನೀವು ಹೇಳಬೇಕಾದ ಧೈರ್ಯದ ಮಾತು ಇದೇ.

ಆರ್ಡರ್ ಕೊಡುವಾಗ ಚೀಟಿಯಲ್ಲಿ “3 ಎಂಎಂ ಎಸಿಪಿ, ವಿನೈಲ್ ಪ್ರಿಂಟ್, ಮ್ಯಾಟ್ ಕೋಲ್ಡ್ ಲ್ಯಾಮಿನೇಶನ್, ಹಿಂದೆ ಸೆಕ್ಷನ್” ಎಂದು ಬಿಡಿಸಿ ಬರೆಸಿಕೊಳ್ಳಿ. ಬರೀ “ಬೋರ್ಡ್” ಎಂದು ಬರೆದರೆ ಮನೆಗೆ ಬರುವುದು ಸನ್‌ಬೋರ್ಡೇ.