ಬೆನ್ನು ನೆಲಕ್ಕೆ ತಾಗಿದ ಮೇಲೆ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಕುಸ್ತಿಯ ಕುರಿತು ಬರೆಯಬೇಕೆಂದು ಸಂಪಾದಕರು ಅಪ್ಪಣೆ ಮಾಡಿದ್ದಾರೆ. ಜತ್ತ ಸೀಮೆಯ ತಾಲೀಮಿನ ಕೆಮ್ಮಣ್ಣಿನಲ್ಲಿ ಬೆಳೆದ ನಾನು, ನಡುವಯಸ್ಸಿನಲ್ಲಿ ಪುಣೆಯಲ್ಲಿ ಕಲಿತ ಬ್ರೆಜಿಲ್ ದೇಶದ ಜಿಯು-ಜಿಟ್ಸುವಿನ ಒಂದು ಪಾಠವನ್ನು ನಿವೇದಿಸುತ್ತಿದ್ದೇನೆ. ಹಿರಿಯ ಪೈಲವಾನರು ಕ್ಷಮಿಸಬೇಕು.

1914ರಲ್ಲಿ ಬ್ರೆಜಿಲ್ ತಲುಪಿದ ಜಪಾನಿನ ಜೂಡೋ ಪಟು ಮಿತ್ಸುಯೊ ಮಾಯೆದಾ ಅವರ ಪರಂಪರೆಯಿಂದ ಗ್ರೇಸಿ ಮನೆತನಕ್ಕೆ ಬಂದ ವಿದ್ಯೆಯಿದು. ನಮ್ಮಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಪಂದ್ಯ ಮುಗಿಯಿತು. ಅಲ್ಲಿಯಾದರೋ ಹೋರಾಟ ಬೆನ್ನ ಮೇಲೆಯೇ ಮುಂದುವರಿಯುತ್ತದೆ. ಎದುರಾಳಿ ಮೈಮೇಲೆ ಸವಾರಿ ಕುಳಿತ ಸ್ಥಿತಿಗೆ 'ಮೌಂಟ್' ಎಂದು ಹೆಸರು. ಸಾಧಿಸಿದವನಿಗೆ 4 ಅಂಕ.

ಮೊದಲ ದಿನವೇ ನಾನು ಅದರಲ್ಲಿ ಸಿಲುಕಿದೆ. ಮೇಲಿದ್ದವನು ನನ್ನ ಮಗನ ವಯಸ್ಸಿನ, ನನಗಿಂತ ಹಗುರಾದ ಹುಡುಗ. ಬೆನ್ನು ನೆಲಕ್ಕಿಡಬಾರದೆಂಬ ಹಳೆಯ ಅಭ್ಯಾಸದಿಂದ ಬೋರಲಾಗಿ ಹೊರಳಿದೆ. ಹಿಂದಿನಿಂದ ಅವನ ತೋಳು ಕತ್ತನ್ನು ಸುತ್ತಿತು, ಕಣ್ಣು ಕತ್ತಲಿಟ್ಟಿತು, ಚಾಪೆ ತಟ್ಟಿ ಸೋಲೊಪ್ಪಿದೆ. ಇಪ್ಪತ್ತು ವರ್ಷ ನನ್ನನ್ನು ಕಾಪಾಡಿದ ವರಸೆಯೇ ನನ್ನನ್ನು ಕೆಡವಿತ್ತು. ಎರಡನೆಯ ಸಲ ತೋಳು ನೀಡಿ ಅವನನ್ನು ಮೇಲಕ್ಕೆ ತಳ್ಳಿದೆ. ನೀಡಿದ ತೋಳನ್ನೇ ಹಿಡಿದು ಮೊಣಕೈ ಕೀಲನ್ನು ಹಿಮ್ಮುಖವಾಗಿ ಒತ್ತಿದ.

ಆದ್ದರಿಂದ ಮೊದಲು ರಕ್ಷಣೆ. ಮೊಣಕೈಗಳು ಪಕ್ಕೆಲುಬಿಗೆ ಅಂಟಿರಬೇಕು, ಗದ್ದ ತಗ್ಗಿರಬೇಕು, ಅಂಗೈಗಳು ಕೊರಳನ್ನು ಕಾಯಬೇಕು. ಎದುರಾಳಿಯ ಮೊಣಕಾಲುಗಳು ನಮ್ಮ ಕಂಕುಳತ್ತ ಏರದಂತೆ ತಡೆಯುವುದೇ ಮುಖ್ಯ. ಅವು ಏರಿದಷ್ಟೂ ನಮ್ಮ ತೋಳುಗಳ ಬಲ ಉಡುಗುತ್ತದೆ.

ಬಿಡುಗಡೆಗೆ ಒಂದು ದಾರಿ ಸೇತುವೆ. ಅವನ ಒಂದು ತೋಳನ್ನು ಎದೆಗೆ ಬಿಗಿಹಿಡಿದು, ಅದೇ ಬದಿಯ ಅವನ ಪಾದವನ್ನು ನಮ್ಮ ಪಾದದಿಂದ ಕಟ್ಟಿ, ಹಿಮ್ಮಡಿಗಳನ್ನು ಹತ್ತಿರಕ್ಕೆಳೆದು ಸೊಂಟವನ್ನೆತ್ತಬೇಕು. ನೇರ ಮೇಲಕ್ಕಲ್ಲ, ಕಟ್ಟಿದ ಬದಿಯ ಭುಜದ ಮೇಲೆ ಓರೆಯಾಗಿ. ಆ ಬದಿಗೆ ಊರಲು ಅವನಿಗೆ ಕೈಯೂ ಇಲ್ಲ, ಕಾಲೂ ಇಲ್ಲ, ಉರುಳಲೇಬೇಕು. ಇದು ನನಗೆ ವಾರದಲ್ಲೇ ಒಲಿಯಿತು.

ಇನ್ನೊಂದು, ಸಿಗಡಿಯಂತೆ ಮೈಮಡಿಸುವುದು. ಪಕ್ಕಕ್ಕೆ ವಾಲಿ, ಮೊಣಕೈಯಿಂದ ಅವನ ಮೊಣಕಾಲನ್ನು ತಡೆದು, ಸೊಂಟವನ್ನು ಆಚೆಗೆ ಜಾರಿಸಿ, ಆ ಸಂದಿನಲ್ಲಿ ನಮ್ಮ ಮೊಣಕಾಲನ್ನು ತೂರಿಸಬೇಕು. ಇದಕ್ಕೆ ತಿಂಗಳುಗಳೇ ಹಿಡಿದವು. ನನ್ನ ಸೊಂಟ ಎತ್ತುವುದನ್ನು ಬಲ್ಲದು, ಜಾರುವುದನ್ನಲ್ಲ! ಎರಡನ್ನೂ ಬೆಸೆಯಬೇಕೆಂಬುದು ತಡವಾಗಿ ಹೊಳೆಯಿತು. ಸೇತುವೆಗೆ ಹೆದರಿ ಅವನು ಆಚೆ ಕೈಯೂರಿದೊಡನೆ ಭಾರ ಸರಿದು, ಮೊಣಕಾಲಿಗೆ ಎಡೆ ತೆರೆಯುತ್ತದೆ.

ಹೀಗೆಯೇ ಒಂದು ಸಂಜೆ ಆ ಹುಡುಗನ ಕೆಳಗಿನಿಂದ ಹೊರಬಂದೆ. ಅವನು ನಗುತ್ತ ಮತ್ತೆ ಮೇಲೇರಿ ಕುಳಿತು, "ಕಾಕಾ, ಈಗ ಎಡಬದಿಗೆ" ಎಂದ.