ಕಂಪ್ಯೂಟರ್ ಹಾಕಿದಾಗಲೆಲ್ಲ ಡಿಸ್ಕ್ ಚೆಕ್? ಮೊದಲು ಫೈಲ್ ಉಳಿಸಿ, ಆಮೇಲೆ ಕಾರಣ ಹುಡುಕಿ

ಗೂಡಲೂರು, ದೇವಾಲ, ಪಂದಲೂರು ಕಡೆ ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್‌ವರೆಗೂ ಕರೆಂಟು ಹೋಗಿ ಬರುತ್ತಲೇ ಇರುತ್ತದೆ. ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಒಂದಿಡೀ ಊರು ಕತ್ತಲು. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರ್‌ಗೂ ಹೆಚ್ಚು ಮಳೆ ಸುರಿದ ನೀಲಗಿರಿ ಜಿಲ್ಲೆ ಇದು. ಇಲ್ಲಿ ಚಹಾ ಸೊಪ್ಪಿನ ಲೆಕ್ಕವನ್ನೋ ಹೋಂಸ್ಟೇ ಬುಕಿಂಗನ್ನೋ ಮಕ್ಕಳ ಪ್ರಾಜೆಕ್ಟನ್ನೋ ಕಂಪ್ಯೂಟರಿನಲ್ಲಿ ಇಟ್ಟುಕೊಂಡವರಿಗೆ ಕಪ್ಪು ಪರದೆಯ ಮೇಲಿನ ಆ ಸಾಲು ಚೆನ್ನಾಗಿ ಪರಿಚಯ: ‘ಸ್ಕ್ಯಾನಿಂಗ್ ಆ್ಯಂಡ್ ರಿಪೇರಿಂಗ್ ಡ್ರೈವ್’. ಪಕ್ಕದಲ್ಲಿ ಶೇಕಡಾ 10, 11, 12 ಎಂದು ನಿಧಾನವಾಗಿ ಏರುವ ಅಂಕಿ.

ಕರೆಂಟು ಹೋದ ಮರುದಿನ ಒಮ್ಮೆ ಹೀಗಾದರೆ ಹೆದರಬೇಕಾಗಿಲ್ಲ, ಮುಗಿಯಲು ಬಿಡಿ. ಪ್ರತಿ ಸಲವೂ ಬಂದರೆ ಮಾತ್ರ ಕಾರಣ ಬೇರೆ ಇದೆ. ಬಹಳ ಜನ ಕೀಲಿ ಒತ್ತಿ ತಪಾಸಣೆಯನ್ನು ದಾಟಿಸಿ ತಿಂಗಳುಗಟ್ಟಲೆ ಕೆಲಸ ಮುಂದುವರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಡಿಸ್ಕಿನ ಯಾವುದಾದರೂ ಭಾಗದಲ್ಲಿ ಫೈಲ್‌ಗಳ ಲೆಕ್ಕ ತಾಳೆಯಾಗದಿದ್ದರೆ ವಿಂಡೋಸ್ ಅಲ್ಲೊಂದು ಗುರುತು ಹಾಕಿಡುತ್ತದೆ. ಮುಂದಿನ ಸಲ ಕಂಪ್ಯೂಟರ್ ಏಳುವಾಗ ಆ ಗುರುತು ಕಂಡರೆ ತಪಾಸಣೆ ಶುರು. ಎಲ್ಲ ಸರಿಯಾದರೆ ಗುರುತು ಅಳಿಯುತ್ತದೆ. ಅಳಿಯದೆ ಉಳಿದರೆ ಅಥವಾ ಅಳಿದದ್ದು ಮತ್ತೆ ಮೂಡಿದರೆ, ಲೆಕ್ಕ ಕೆಡಿಸುವ ಯಾವುದೋ ಸಂಗತಿ ಇನ್ನೂ ಜೀವಂತವಾಗಿದೆ ಎಂದೇ ಅರ್ಥ.

ಮೊದಲ ಕೆಲಸ: ಬ್ಯಾಕಪ್

ಯಾವ ರಿಪೇರಿಗೂ ಮೊದಲು ಮುಖ್ಯ ಫೈಲ್‌ಗಳನ್ನು ಬೇರೆ ಡಿಸ್ಕಿಗೋ ಪೆನ್ ಡ್ರೈವಿಗೋ ನಕಲು ಮಾಡಿ. ಜಮೀನು ಪತ್ರದ ಸ್ಕ್ಯಾನ್, ಫೋಟೊ, ಲೆಕ್ಕದ ಶೀಟು ಮೊದಲು. ಸಿನಿಮಾ, ಹಾಡು ಕೊನೆಗೆ. ಈ ಕ್ರಮಕ್ಕೆ ಕಾರಣವಿದೆ. ಸಾಯುತ್ತಿರುವ ಡಿಸ್ಕನ್ನು ಪೂರ್ತಿ ತಪಾಸಣೆಗೆ ಒಡ್ಡಿದರೆ ಗಂಟೆಗಟ್ಟಲೆ ಎಡೆಬಿಡದೆ ಓದಬೇಕಾಗುತ್ತದೆ, ಆ ಶ್ರಮದಲ್ಲೇ ಅದು ಪೂರ್ತಿ ನಿಂತುಹೋಗಬಹುದು. ವಿಂಡೋಸ್ 11 ಇದ್ದವರು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ಕೀಲಿಯನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದಾಗ ಅದನ್ನು ಕೇಳುವ ಸಾಧ್ಯತೆ ಹೆಚ್ಚು.

ಯಾವ ಡ್ರೈವ್, ಏನು ವರದಿ?

ಪರದೆಯ ಮೇಲೆ ಯಾವ ಅಕ್ಷರ ಬರುತ್ತಿದೆ ನೋಡಿ. ‘ಸಿ’ ಅಲ್ಲದೆ ‘ಇ’ ಅಥವಾ ‘ಎಫ್’ ಆಗಿದ್ದರೆ ಸದಾ ಚುಚ್ಚಿಯೇ ಇಟ್ಟ ಹೊರಗಿನ ಡಿಸ್ಕಿನ ಮೇಲೆ ಅನುಮಾನ. ಅದನ್ನು ತೆಗೆದು ಕಂಪ್ಯೂಟರ್ ಹಾಕಿ ನೋಡಿ.

ತಪಾಸಣೆಯ ವರದಿ ಎಲ್ಲೂ ಹೋಗಿರುವುದಿಲ್ಲ. ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನ ಅಪ್ಲಿಕೇಶನ್ ಭಾಗದಲ್ಲಿ ವಿನ್‌ಇನಿಟ್ ಹೆಸರಿನ 1001 ಸಂಖ್ಯೆಯ ನಮೂದು ಹುಡುಕಿ. ಕೊನೆಯಲ್ಲಿ ‘ಬ್ಯಾಡ್ ಸೆಕ್ಟರ್ಸ್’ ಎದುರು ಸೊನ್ನೆ ಇದ್ದರೆ ಸಮಾಧಾನ. ಅದೇ ಕಿಟಕಿಯ ಸಿಸ್ಟಮ್ ಭಾಗದಲ್ಲಿ ಕರ್ನಲ್ ಪವರ್ 41 ಸಾಲುಸಾಲಾಗಿ ಕಂಡರೆ, ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ಥಟ್ಟನೆ ಆರಿದೆ. ಅದೇ ಜಾಗದಲ್ಲಿ ‘ಡಿಸ್ಕ್’ ಹೆಸರಿನ 7ನೇ ನಮೂದು ಕಂಡರೆ ಡಿಸ್ಕಿನಲ್ಲೇ ಹಾನಿಯಾಗಿದೆ.

ಇಲ್ಲಿ ಹೆಚ್ಚು ಕಾಡುವುದು ಕರೆಂಟೇ

2011ರಿಂದ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಟ್ಟ ಲ್ಯಾಪ್‌ಟಾಪ್‌ಗಳು ಈಗಲೂ ಕೆಲವು ಮನೆಗಳಲ್ಲಿ ಓಡುತ್ತಿವೆ. ಅಷ್ಟು ಹಳೆಯ ಯಂತ್ರದ ಬ್ಯಾಟರಿ ಸತ್ತಿರುತ್ತದೆ, ನೇರ ಪ್ಲಗ್ಗಿನ ಮೇಲೆಯೇ ಬಳಕೆ. ಕರೆಂಟು ಹೋದ ಕ್ಷಣವೇ ಲ್ಯಾಪ್‌ಟಾಪ್ ಕೂಡ ಆರುತ್ತದೆ. ಹೊಸ ಬ್ಯಾಟರಿ ಹಾಕಿಸಿದರೆ ಎಷ್ಟೋ ಕಡೆ ಡಿಸ್ಕ್ ಚೆಕ್ ಅಲ್ಲಿಗೇ ನಿಲ್ಲುತ್ತದೆ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಬೇಕೇ ಬೇಕು, ಇದ್ದರೂ ಅದರ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ಫೈಲ್‌ಗಳೆಲ್ಲ ಮುಚ್ಚಿ, ಬೇಕೆಂದೇ ಪ್ಲಗ್ ಕಿತ್ತು ಪರೀಕ್ಷಿಸಿ: ಐದು ನಿಮಿಷ ತಾಳದಿದ್ದರೆ ಬದಲಿಸಿ. ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ಇಟ್ಟವರು ಇನ್ವರ್ಟರಿನ ಹಿಂಬದಿಯ ಸ್ವಿಚ್ಚನ್ನು ‘ಯುಪಿಎಸ್’ ಕಡೆಗೆ ಇಟ್ಟಿದ್ದಾರೋ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಕರೆಂಟು ಬದಲಾಗುವ ಆ ಕಣ್ಣುಮಿಟುಕಿನಲ್ಲಿ ಯಂತ್ರ ಮರುಚಾಲನೆಯಾಗುತ್ತದೆ.

ಊಟಿಯ ಎತ್ತರಕ್ಕೆ ಹಾರ್ಡ್ ಡಿಸ್ಕ್ ಕೆಡುತ್ತದೆ ಎಂಬ ಮಾತು ಕೇಳಿಬಂದರೆ ನಂಬಬೇಡಿ. ಡಿಸ್ಕ್‌ಗಳನ್ನು ಸಾಮಾನ್ಯವಾಗಿ ಸುಮಾರು 3,000 ಮೀಟರ್ ಎತ್ತರದವರೆಗೆ ಓಡುವಂತೆಯೇ ಮಾಡಿರುತ್ತಾರೆ. ದೊಡ್ಡಬೆಟ್ಟದ ತುದಿಯೇ 2,637 ಮೀಟರ್. ಎತ್ತರಕ್ಕಿಂತ ತೇವ ಅಪಾಯಕಾರಿ. ಡಿಸೆಂಬರ್ ಚಳಿಯಲ್ಲಿ ಹೊರಗಿಂದ ತಂದ ಲ್ಯಾಪ್‌ಟಾಪನ್ನು ಬಿಸಿ ಕೋಣೆಯಲ್ಲಿ ತಕ್ಷಣ ಹಾಕಬೇಡಿ, ಒಳಗೆ ಹನಿಗಟ್ಟಿರಬಹುದು. ಅರ್ಧ ಗಂಟೆಯಾದರೂ ಕಾಯಿರಿ.

ಕೇಬಲ್ಲೋ ಡಿಸ್ಕೋ?

ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿದರೆ ಡಿಸ್ಕ್ ತನ್ನ ಬಗ್ಗೆ ತಾನೇ ಬರೆದುಕೊಂಡ ಲೆಕ್ಕ ಸಿಗುತ್ತದೆ. ಹಾರ್ಡ್ ಡಿಸ್ಕ್ ಆದರೆ ಅದರಲ್ಲಿ 05, ಸಿ5, ಸಿ6 ಎಂಬ ಸಾಲುಗಳ ಬಲ ತುದಿಯ ಅಂಕಿ ಸೊನ್ನೆಯೇ ಇರಬೇಕು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಹೊಸ ಡಿಸ್ಕ್ ತಂದುಬಿಡಿ, ಯಾವ ಕಮಾಂಡೂ ಅದನ್ನು ಉಳಿಸಲಾರದು. ಸಿ7 ಮಾತ್ರ ಏರುತ್ತಿದ್ದರೆ ತಪ್ಪು ಬಹುಮಟ್ಟಿಗೆ ಕೇಬಲ್ಲಿನದು. ಪ್ಲಗ್ ಕಿತ್ತು ಡೆಸ್ಕ್‌ಟಾಪಿನ ಪಕ್ಕದ ಬಾಗಿಲು ತೆಗೆದರೆ ಡಿಸ್ಕಿನಿಂದ ಮದರ್‌ಬೋರ್ಡಿಗೆ ಹೋಗುವ ಚಪ್ಪಟೆ ಸಾಟಾ ಕೇಬಲ್ ಕಾಣುತ್ತದೆ. ಮಳೆಗಾಲ ಕಂಡ ಕೇಬಲ್ಲಿನ ತುದಿಯಲ್ಲಿ ಮಂಕು ಕಲೆ ಹಿಡಿದಿರುವುದುಂಟು. ಎರಡೂ ತುದಿ ಬಿಚ್ಚಿ ಮತ್ತೆ ಗಟ್ಟಿಯಾಗಿ ಕೂರಿಸಿ. ಹೊಸದು ಹಾಕುವುದು ಇನ್ನೂ ಒಳ್ಳೆಯದು, ದುಬಾರಿಯೇನಲ್ಲ.

ಡಿಸ್ಕ್, ಕೇಬಲ್ ಸರಿಯಿವೆ ಎಂದು ಗೊತ್ತಾದ ಮೇಲೆಯೇ ರಿಪೇರಿ. ಸ್ಟಾರ್ಟ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆಯಿರಿ. ಸಿ, ಎಚ್, ಕೆ, ಡಿ, ಎಸ್, ಕೆ ಎಂಬ ಆರು ಇಂಗ್ಲಿಷ್ ಅಕ್ಷರ, ಜಾಗ ಬಿಟ್ಟು ಸಿ ಮತ್ತು ಕೋಲನ್, ಮತ್ತೆ ಜಾಗ ಬಿಟ್ಟು ಓರೆಗೆರೆ ಮತ್ತು ಎಫ್. ಎಂಟರ್ ಒತ್ತಿದಾಗ ಕೇಳುವ ಪ್ರಶ್ನೆಗೆ ‘ವೈ’ ಎಂದು ಉತ್ತರಿಸಿ ರೀಸ್ಟಾರ್ಟ್ ಮಾಡಿ. ಎಫ್ ಬದಲು ಆರ್ ಹಾಕಿದರೆ ಇಡೀ ಡಿಸ್ಕನ್ನೇ ಜಾಲಾಡುತ್ತದೆ. ದೊಡ್ಡ ಹಾರ್ಡ್ ಡಿಸ್ಕಿಗೆ ಹಲವು ಗಂಟೆ ಬೇಕು. ಗಾಳಿಮಳೆಯ ದಿನ ಅದಕ್ಕೆ ಕೈಹಾಕಬೇಡಿ, ನಡುವೆ ಕರೆಂಟು ಹೋದರೆ ಇದ್ದದ್ದೂ ಕೆಡುತ್ತದೆ.

ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಗುರುತು ತೆಗೆಯಿರಿ. ಅದು ಇದ್ದಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಒಂದೇ ಯಂತ್ರದಲ್ಲಿ ಲಿನಕ್ಸ್ ಕೂಡ ಇಟ್ಟವರಿಗೆ ಇದು ಕಡ್ಡಾಯ. ಲಿನಕ್ಸ್ ಬದಿಯಲ್ಲೇ ತಪಾಸಣೆ ಮರುಕಳಿಸಿ, ಗಡಿಯಾರವೂ ಹಳೆಯ ತಾರೀಕು ತೋರಿಸುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿ.

ಇಷ್ಟಾದರೂ ನಿಲ್ಲದೆ, ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ ತಕ್ಷಣ ಆರಿಸಿ. ಮತ್ತೆ ಮತ್ತೆ ಹಾಕಿ ನೋಡಬೇಡಿ. ಬ್ಯಾಕಪ್ ಇಲ್ಲದ ಡಿಸ್ಕನ್ನು ಡೇಟಾ ರಿಕವರಿ ಮಾಡುವವರ ಕೈಗೇ ಕೊಡಬೇಕು, ಅದಕ್ಕೆ ಕೊಯಮತ್ತೂರೋ ಮೈಸೂರೋ ನೋಡಬೇಕಾದೀತು. ಮಸಿನಗುಡಿ, ಗೂಡಲೂರಿನಿಂದ ಮೈಸೂರಿಗೆ ಹೊರಡುವವರು ಡಿಸ್ಕನ್ನು ಅಲುಗಾಡದಂತೆ ದಪ್ಪ ಬಟ್ಟೆಯಲ್ಲಿ ಸುತ್ತಿ, ಹಗಲಿನಲ್ಲೇ ಹೋಗಿ ಬನ್ನಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಮುಚ್ಚಿರುತ್ತದೆ.